ನೆಂಟರ ಬಚ್ಚಲಿನ ದೀಪ

ತಂಗಿ ತಹಾನಿಗೆ,

ಕ್ಷೇಮವೇ ಎಂದು ಕೇಳಿ ಪತ್ರ ಶುರು ಮಾಡುವ ಮುಖ ನನಗಿಲ್ಲ. ನೀನು ಕ್ಷೇಮವಾಗಿಲ್ಲ ಎಂಬುದು ಹೋದ ಮಂಗಳವಾರ ಫೋನಿನಲ್ಲೇ ಗೊತ್ತಾಯಿತು. ಅಲ್ಲಿಯವರೆಗೆ ನಾನು ಬೇರೆಯೇ ಅಂದುಕೊಂಡಿದ್ದೆ. ಅಮ್ಮ ತೀರಿಕೊಂಡ ದುಃಖಕ್ಕೆ ನೀನು ಉಂಗುರ ವಾಪಸ್ ಕಳಿಸಿದೆ, ಆ ದುಃಖಕ್ಕೇ ನಮ್ಮೂರು ಸಲ್ತ್ ಬಿಟ್ಟು ದೂರದ ಅಕಬಾದ ಶಾಲೆಗೆ ಟೀಚರಾಗಿ ವರ್ಗ ಮಾಡಿಸಿಕೊಂಡೆ, ವರ್ಷ ತಿರುಗುವಷ್ಟರಲ್ಲಿ ಮನಸ್ಸು ತಿಳಿಯಾಗಿ ಸುಫ್ಯಾನನ ಜೊತೆ ಮದುವೆಗೆ ಹೂಂ ಅನ್ನುತ್ತೀಯ ಎಂದು ನಂಬಿದ್ದೆ. ಆ ನಂಬಿಕೆಯಲ್ಲೇ ನಿನ್ನನ್ನು ಬೈದೆ. ಅಂಥ ಹುಡುಗನನ್ನು ಕೈಬಿಟ್ಟರೆ ಅಮ್ಮ ಮೆಚ್ಚುತ್ತಾಳಾ ಎಂದು ಕೇಳಿದೆ. ಆಗ ನೀನು ಹೇಳಿದ ಮಾತು ಈಗಲೂ ಕಿವಿಯಲ್ಲಿದೆ: "ಅಮ್ಮನ್ನ ಕೈ ತೊಳ್ಕೊ ಹೋಗು ಅಂತ ಕಳಿಸಿದ್ದು ನಾನು ಕಣಕ್ಕಾ. ಈರುಳ್ಳಿ ವಾಸನೆ ಹೊಡೀತಿದೆ, ಅವರ ಮುಂದೆ ಹೀಗೆ ಬರಬೇಡ ಅಂದೆ. ಅವಳನ್ನ ಅತ್ತ ಕಳಿಸಿ, ಇತ್ತ ಉಂಗುರ ತೊಡಿಸ್ಕೊಳ್ಳೋಕೆ ಕೂತೆ. ಆ ಮದುವೆ ನನಗೆ ಬೇಡ." ಅಷ್ಟು ಹೇಳಿ ನೀನು ಫೋನ್ ಇಟ್ಟೆ.

ಎಂಟು ತಿಂಗಳಿಂದ ನೀನು ಹೊತ್ತುಕೊಂಡು ತಿರುಗುತ್ತಿರುವುದು ಇದನ್ನೇ ಎಂದು ನನಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೂ ಬಾಯಿ ಮುಚ್ಚಿಕೊಂಡಿದ್ದರೆ ನಾನು ಮನುಷ್ಯಳೇ ಅಲ್ಲ. ಆ ದಿನ ನಮ್ಮ ಮನೆಯಲ್ಲಿ ನಡೆದದ್ದರಲ್ಲಿ ನಿನಗೆ ಗೊತ್ತಿಲ್ಲದ ಎರಡು ವಿಷಯಗಳಿವೆ. ಎರಡೂ ನನ್ನವು. ಓದುತ್ತಾ ಓದುತ್ತಾ ಕೋಪ ಬಂದು ಕಾಗದ ಹರಿಯಬೇಕು ಅನಿಸಿದರೆ ಹರಿ, ಆದರೆ ಕೊನೆಯವರೆಗೂ ಓದಿ ಹರಿ.

ನೆಂಟರ ಬಚ್ಚಲಿನಿಂದಲೇ ಶುರು ಮಾಡುತ್ತೇನೆ. ಅಪ್ಪ ಕಟ್ಟಿಸಿದ ಕಾಲದಿಂದ ಅದಕ್ಕೆ ಬೀಗ. ನಾವು ಮೂವರು ಹೆಂಗಸರು ಬೆಳಿಗ್ಗೆ ಒಳಬಚ್ಚಲಿನ ಮುಂದೆ ಟವೆಲು ಹೆಗಲಿಗೆ ಹಾಕಿಕೊಂಡು ಒಬ್ಬರನ್ನೊಬ್ಬರು ಬೈಯುತ್ತಾ ಸಾಲು ನಿಲ್ಲುತ್ತಿದ್ದೆವು, ನಾಲ್ಕು ಹೆಜ್ಜೆ ಆಚೆ ನಡುಮನೆಯ ಪಕ್ಕದ ಬಚ್ಚಲು ಖಾಲಿ ಬಿದ್ದಿರುತ್ತಿತ್ತು. ಅಲ್ಲಿಯ ಗುಲಾಬಿ ಸೋಪಿನ ಕಾಗದವನ್ನೂ ಅಮ್ಮ ಬಿಚ್ಚಗೊಡುತ್ತಿರಲಿಲ್ಲ. ಚಿಕ್ಕವಳಾಗಿದ್ದಾಗ ನೀನು ಒಮ್ಮೆ ಕೀಲಿಕೈ ಕದ್ದು ಒಳಗೆ ಹೋಗಿ ಕಸೂತಿ ಟವೆಲಿಗೆ ಮುಖ ಒರೆಸಿಕೊಂಡಿದ್ದಕ್ಕೆ ಒಂದು ವಾರ ಮುಖ ಊದಿಸಿಕೊಂಡಿದ್ದಳು. ಬೀದಿಯಲ್ಲಿ ಯಾರ ಮನೆಗೆ ಹೋದರೂ ಇದೇ ಕಥೆಯಾದ್ದರಿಂದ ನಮಗದು ವಿಚಿತ್ರ ಅನಿಸಿರಲಿಲ್ಲ. ಒಳ್ಳೆಯದೇನಿದ್ದರೂ ಬಂದವರಿಗೆ, ಉಳಿದದ್ದು ಮನೆಯವರಿಗೆ.

ಕೆರಕ್‌ನಿಂದ ಸುಫ್ಯಾನನ ಕಡೆಯ ಹಿರಿಯರು ಹೆಣ್ಣು ಕೇಳಲು ಬರುತ್ತಾರೆ ಎಂದು ಗೊತ್ತಾದ ದಿನವೇ ಆ ಬಚ್ಚಲಿಗೆ ಹೊಸ ರೂಪ ಕೊಡಬೇಕೆಂದು ಹಠ ಹಿಡಿದವಳು ನಾನು. ಊರಿನ ಹೆಂಗಸರೆಲ್ಲ ಕಸೂತಿಗೆ ಯಾವ ಕೆಂಪು, ಯಾವ ಹಸಿರು ಎಂದು ನನ್ನ ನೂಲಿನ ಅಂಗಡಿಗೆ ಬಂದು ಕೇಳುತ್ತಾರಲ್ಲ, ಆ ಜಂಬ. ಬಣ್ಣದ ಅಬೂ ನಿಮ್ರ್‌ನನ್ನು ಕರೆಸಿದೆ. ಅವನು ತಂದ ಬಣ್ಣದ ಪಟ್ಟಿ ಮೂರು ವಾರ ನಮ್ಮ ಊಟದ ಮೇಜಿನ ಮೇಲೆಯೇ ಇತ್ತು. ನಿನಗೆ ಹೋಟೆಲಿನಂಥ ಬಿಳಿ ಬೇಕು, ನನಗೆ ಬೂದಿ ಬೆರೆಸಿದ ನೀಲಿ ಬೇಕು, ಅಮ್ಮನಿಗೆ ಏಪ್ರಿಕಾಟ್ ಹಣ್ಣಿನ ಬಣ್ಣ. "ಆ ಬಣ್ಣದ ಗೋಡೆ ಮುಂದೆ ನಿಂತ್ರೆ ಎಂಥವರ ಮುಖದಲ್ಲೂ ರಕ್ತ ಇರೋ ಹಾಗೆ ಕಾಣುತ್ತೆ" ಎಂದಳು ಅಮ್ಮ. ಹಳ್ಳಿಯವರ ರುಚಿ ಎಂದು ನಾನು ನಕ್ಕೆ. ಎರಡು ಕಣ್ಣಿಗೂ ಪೊರೆ ಬಂದವಳಿಗೆ ಬಣ್ಣದ ಮಾತು ಯಾಕೆ ಎಂದೂ ಅಂದೆ. ತಮಾಷೆಗೇ ಅಂದದ್ದು. ಅವಳು ಪಟ್ಟಿಯನ್ನು ಮೂಗಿಗೆ ತಾಗಿಸಿಕೊಂಡು ನೋಡುತ್ತಲೇ ಇದ್ದಳು.

ಅಬೂ ನಿಮ್ರ್ ಮೂರು ಬಣ್ಣವನ್ನೂ ಗೋಡೆಯ ಮೇಲೆ ಅಂಗೈ ಅಗಲ ಬಳಿದು, ಎರಡು ದಿನ ಒಣಗಲು ಬಿಟ್ಟು, ಮೂರನೆಯ ದಿನ ಎರಡು ಬಲ್ಬು ಹಿಡಿದುಕೊಂಡು ಬಂದ. ಒಂದು ಬಿಳಿ ಬೆಳಕಿನದು, ಒಂದು ಹಳದಿ ಬೆಳಕಿನದು. ಹಗಲಲ್ಲಿ ನೋಡಿ ಬಣ್ಣ ಒಪ್ಪಿಕೊಳ್ಳುವವರು ಆಮೇಲೆ ಅಳುತ್ತಾರೆ, ಯಾವ ದೀಪ ಹಾಕುತ್ತೀರೋ ಅದರ ಕೆಳಗೇ ನೋಡಬೇಕು ಎಂದು ನಮ್ಮನ್ನು ಒಬ್ಬೊಬ್ಬರನ್ನೇ ಒಳಗೆ ಕರೆದ. ಬಿಳಿ ದೀಪ ಹಚ್ಚಿ ನನ್ನ ನೀಲಿಯ ಮುಂದೆ ನನ್ನನ್ನೇ ನಿಲ್ಲಿಸಿ ಕನ್ನಡಿ ಹಿಡಿದ. "ನೋಡಿ ತಾಯಿ, ಈ ಬೆಳಕಲ್ಲಿ ನಿಮ್ಮ ನೆಂಟರೆಲ್ಲ ಸ್ನಾನ ಮಾಡಿಸಿದ ಹೆಣದ ಥರ ಕಾಣ್ತಾರೆ. ಹುಡುಗನ ತಾಯಿ ಮುಖ ನೋಡ್ಕೊಂಡು ಆಚೆ ಬಂದ್ರೆ ಸಂಬಂಧ ಅಲ್ಲಿಗೇ ಖಲಾಸ್." ನೀನು ಹೊಟ್ಟೆ ಹಿಡಿದುಕೊಂಡು ನಕ್ಕೆ. ನಿನ್ನ ಬಿಳಿ ಗೋಡೆ ಹಳದಿ ದೀಪಕ್ಕೆ ಹಳಸಿದ ಮೊಸರಾಯಿತು. ಅಮ್ಮನ ಏಪ್ರಿಕಾಟ್ ಮಾತ್ರ ಹಳದಿ ದೀಪದಲ್ಲಿ ಅವಳು ಹೇಳಿದ ಹಾಗೆಯೇ ಇತ್ತು. ನಾವು ಮೂವರೂ ಆ ಇಕ್ಕಟ್ಟಿನಲ್ಲಿ ಭುಜಕ್ಕೆ ಭುಜ ತಾಗಿಸಿಕೊಂಡು ನಿಂತು ನಮ್ಮ ಮುಖ ನೋಡಿಕೊಂಡೆವು. ಮೂವರೂ ಚೆಂದ ಕಾಣುತ್ತಿದ್ದೆವು ತಹಾನಿ.

ಆಮೇಲೆ ದೀಪದ ಜಾಗ. ತಲೆಯ ಮೇಲೆ ಒಂದೇ ದೀಪ ಹಾಕಿದರೆ ಕಣ್ಣಿನ ಕೆಳಗೆ ನೆರಳು ಬಿದ್ದು ಹತ್ತು ವರ್ಷ ವಯಸ್ಸು ಹೆಚ್ಚು ಕಾಣುತ್ತದಂತೆ. ಕನ್ನಡಿಯ ಎಡಕ್ಕೊಂದು ಬಲಕ್ಕೊಂದು ಎಂದ ಅಬೂ ನಿಮ್ರ್. ಒಂದೇ ಸಾಲದೇ ಎಂದು ಅಮ್ಮ ಕೇಳಿದ್ದಕ್ಕೆ, ಹಿರಿಯ ಹೆಂಗಸರನ್ನು ಎಲ್ಲರೂ ಕರೆಯುವಂತೆ ಅವಳನ್ನು ಹಾಜಾ ಎಂದು ಕರೆದು, "ಒಂದೇ ಹಚ್ಚಿದ್ರೆ ಅರ್ಧ ಮುಖಕ್ಕೆ ಗ್ರಹಣ ಹಿಡಿಯುತ್ತೆ ಹಾಜಾ" ಎಂದ. ಪಕ್ಕದಿಂದ ಬೆಳಕು ಬಿದ್ದರೆ ಗೋಡೆಯ ಉಬ್ಬುತಗ್ಗು ಎದ್ದು ಕಾಣುತ್ತದೆಂದು ಹೊಳಪು ಕಡಿಮೆಯಿರುವ, ಹಬೆಗೆ ಏಳದ ಬಣ್ಣವನ್ನೇ ತರಿಸಿದೆ. ಎರಡು ಸಲ ಉಜ್ಜಿಸಿದೆ, ಮೂರು ಸಲ ಬಳಿಸಿದೆ. ಈ ಜನ್ಮದಲ್ಲಿ ಅಷ್ಟು ಆಸ್ಥೆಯಿಂದ ನಾನು ಯಾವ ಕೆಲಸವನ್ನೂ ಮಾಡಿರಲಿಲ್ಲ.

ಒಳಬಚ್ಚಲಿನ ಬಗ್ಗೆ ಮಾತೆತ್ತಿದವನೂ ಅಬೂ ನಿಮ್ರ್ ಒಬ್ಬನೇ. ಕೈ ತೊಳೆಯಲು ಅಲ್ಲಿಗೆ ಹೋಗಿ ಬಂದವನು ಮುಖ ಕಿವುಚಿದ. ಬೂದು ಗೋಡೆ, ಬೂದು ನೆಲ, ಕಿಟಕಿಯಿಲ್ಲ, ಬಾಗಿಲು ದಾಟಿದ ಕೂಡಲೇ ಇಳಿಯುವ ಮೆಟ್ಟಿಲೂ ಬೂದು, ಮೇಲೆ ಕಣ್ಣು ಮಿಟುಕಿಸುವ ಟ್ಯೂಬ್‌ಲೈಟು. ಹಾಜಾಗೆ ಕಣ್ಣು ಕಾಣುವುದಿಲ್ಲ, ಆ ಮೆಟ್ಟಿಲಿನ ಅಂಚಿಗಾದರೂ ಒಂದು ಪಟ್ಟೆ ಬೇರೆ ಬಣ್ಣ ಎಳೆಯುತ್ತೇನೆ, ಅರ್ಧ ಗಂಟೆಯ ಕೆಲಸ ಎಂದ. ನೆಂಟರು ಬಂದು ಹೋಗಲಿ ಆಮೇಲೆ ನೋಡೋಣ ಎಂದೆ. ಅವನು ನನ್ನ ಮಾತು ಅರ್ಧ ಕೇಳಿದ, ಅರ್ಧ ಬಿಟ್ಟ. ಟ್ಯೂಬ್‌ಲೈಟು ಕಿತ್ತುಹಾಕಿ, ನಮಗೆ ತಂದದ್ದರಲ್ಲಿ ಒಂದು ಹಳದಿ ಬಲ್ಬು ಹೆಚ್ಚು ಉಳಿದಿತ್ತಲ್ಲ, ಅದನ್ನು ಅಲ್ಲಿ ಹಾಕಿಕೊಟ್ಟ. ಅದು ಸೋಮವಾರ. ಅಮ್ಮ ಒಳಗಿನಿಂದ ಕೂಗಿ ನನ್ನನ್ನು ಕರೆದು, "ನೋಡೇ, ನನ್ನ ಕಾಲ್ಬೆರಳು ಕಾಣ್ತಾ ಇದೆ ನನಗೆ" ಎಂದಳು. ನಾಲ್ಕು ದಿನ ಅವಳಿಗೆ ಆ ಬೆಳಕು ಸಿಕ್ಕಿತು.

ಶುಕ್ರವಾರ ಮಧ್ಯಾಹ್ನ ಮೂರು ಗಂಟೆಗೆ, ಎಲ್ಲ ಸರಿಯಿದೆಯೇ ಎಂದು ಕೊನೆಯ ಸಲ ನೋಡಲು ನೆಂಟರ ಬಚ್ಚಲಿಗೆ ಹೋಗಿ ಸ್ವಿಚ್ ಒತ್ತಿದೆ. ಬಲಗಡೆಯ ಬಲ್ಬು ಒಂದು ಸಲ ಮಿಂಚಿ ಆರಿಹೋಯಿತು. ಕನ್ನಡಿಯಲ್ಲಿ ನನ್ನ ಅರ್ಧ ಮುಖ ಕತ್ತಲು. ವಾರದ ರಜೆ, ದೀಪದ ಅಂಗಡಿಗಳೆಲ್ಲ ಬೀಗ ಹಾಕಿದ್ದವು. ಕೆರಕ್‌ನವರು ದಾರಿಯಲ್ಲಿದ್ದರು. ನಾನು ಸ್ಟೂಲು ತೆಗೆದುಕೊಂಡು ಒಳಬಚ್ಚಲಿಗೆ ಹೋಗಿ, ಅಮ್ಮನ ಬಲ್ಬನ್ನು ತಿರುಗಿಸಿ ತೆಗೆದು, ತಲೆವಸ್ತ್ರದ ತುದಿಯಲ್ಲಿ ಒರೆಸಿ, ಕನ್ನಡಿಯ ಬಲಗಡೆಗೆ ಹಾಕಿದೆ.

ಇದು ನಿನಗೆ ಗೊತ್ತಿಲ್ಲದ ಮೊದಲನೆಯ ವಿಷಯ.

ಎರಡು ಗಂಟೆಯ ಮಾತು, ಅಮ್ಮನಿಗೆ ಹೇಳಿಬಿಟ್ಟರಾಯಿತು ಎಂದುಕೊಂಡೆ. ಹೇಳಲು ಅಡುಗೆಮನೆಗೆ ಹೊರಟೆ ಕೂಡ. ಅಷ್ಟರಲ್ಲಿ ದೊಡ್ಡಪ್ಪ ಅಬೂ ಸಖರ್ ಕಾಫಿಯ ಲೋಟಗಳು ಸಾಲದು ಎಂದು ಕೂಗಿದರು, ನಿನ್ನ ಉಡುಪಿನ ಕೊಕ್ಕೆ ಸಿಗಲಿಲ್ಲ, ಕೆಳಗಿನ ತಿರುವಿನಲ್ಲಿ ಕಾರುಗಳ ಹಾರನ್ನು ಕೇಳಿಸಿತು. ಮರೆತೆ. ಮನೆ ಒಪ್ಪವಾಗಿ ಕಾಣಲೆಂದು ಹಿಂದಿನ ದಿನ ಉಳಿದ ಬಣ್ಣದ ಡಬ್ಬಗಳನ್ನು ಒಳಬಚ್ಚಲಿನ ಮೆಟ್ಟಿಲ ಕೆಳಗೆ ತಳ್ಳಿದ್ದವಳೂ ನಾನೇ, ಅದನ್ನೂ ಮರೆತೆ. ಅದೇ ಹೊತ್ತಿಗೆ ನೀನು ಅಮ್ಮನಿಗೆ ಕೈ ತೊಳೆಯಲು ಹೇಳಿದ್ದು. ಈರುಳ್ಳಿಯೂ ಮನ್ಸಫ್ ಅಡುಗೆಗೆ ಕದಡಿದ ಜಮೀದ್ ಮೊಸರೂ ಮೆತ್ತಿದ್ದ ಕೈ ಅದು, ಎದುರು ಬಂದವರ ಮೂಗಿಗೆ ಹೊಡೆಯುತ್ತಿತ್ತು. ನೀನು ಹೇಳದಿದ್ದರೆ ನಾನು ಹೇಳುತ್ತಿದ್ದೆ. ಭೂಮಿಯ ಮೇಲಿನ ಯಾವ ಮಗಳಾದರೂ ಹೇಳುತ್ತಿದ್ದಳು.

ನಡುಮನೆಯಲ್ಲಿ ಹನ್ನೆರಡು ಜನ ಗಂಡಸರು, ಒಳಕೋಣೆಯಲ್ಲಿ ಸುಫ್ಯಾನನ ತಾಯಿಯೂ ಅತ್ತೆಯರೂ ನಡುವೆ ನೀನೂ. ನಾನು ಎರಡರ ಮಧ್ಯೆ ಪರದೆಯ ಹಿಂದೆ ನಿಂತು ಕಿವಿಗೊಟ್ಟಿದ್ದೆ. ಅವರ ಕಡೆಯ ಹಿರಿಯ ಲೋಟವನ್ನು ಮುಟ್ಟದೆ ಮೇಜಿನ ಮೇಲಿಟ್ಟು, ನೀವು ಹೆಣ್ಣು ಕೊಟ್ಟ ಹೊರತು ಈ ಕಾಫಿ ಕುಡಿಯುವುದಿಲ್ಲ ಎಂದು ಭಾಷಣ ಶುರು ಮಾಡಿದರು. ಆಗ ಒಳಗೆಲ್ಲೋ ಡಬ್ಬ ಉರುಳಿದ ಸದ್ದಾಯಿತು. ಕೇಳಿಸಿತು ನನಗೆ, ಇಲ್ಲ ಅನ್ನುವುದಿಲ್ಲ. ಬೆಕ್ಕಿಗೆ ಮನಸ್ಸಿನಲ್ಲೇ ಶಾಪ ಹಾಕಿದೆ. ಹೋಗಿ ನೋಡಬೇಕೆಂದರೆ ನಡುಮನೆಯ ಬಾಗಿಲ ಮುಂದೆ, ಅಷ್ಟು ಗಂಡಸರ ಎದುರು ಹಾದು ಹೋಗಬೇಕಿತ್ತು. ಹೋಗಲಿಲ್ಲ. ಹಾಜಾ ಎಲ್ಲಿ ಎಂದು ಸುಫ್ಯಾನನ ತಾಯಿ ಎರಡು ಸಲ ಕೇಳಿದರು. "ಅವಳ ಮನ್ಸಫ್ ಪಾತ್ರೆ ಬಿಟ್ಟು ಅರಸ ಬಂದ್ರೂ ಏಳೋಲ್ಲ ಬಿಡಿ" ಎಂದು ನಾನೇ ನಗಿಸಿದೆ. ನೀನೂ ನಕ್ಕೆ. ನಕ್ಕಿದ್ದಕ್ಕೂ ಈಗ ನಿನ್ನನ್ನು ನೀನು ಹೊಡೆದುಕೊಳ್ಳುತ್ತಿರುತ್ತೀಯ, ನನಗೆ ಗೊತ್ತು.

ದೊಡ್ಡಪ್ಪ ಕೊನೆಗೆ ಎದ್ದು ನಿಂತು, "ಕಾಫಿ ಕುಡೀರಪ್ಪ, ಹುಡುಗಿ ನಿಮ್ಮವಳು" ಎಂದರು. ಹೆಂಗಸರೆಲ್ಲ ಕೇಕೆ ಹಾಕಿದರು. ಉಂಗುರ ತೊಡಿಸಿದ್ದಾಯಿತು. ಸಿಹಿಗೆಂದು ಕುನಾಫಾ ತರಲು ಒಳಗೆ ಹೋದೆ. ಒಲೆ ಸಣ್ಣ ಉರಿಯಲ್ಲಿತ್ತು, ಅಮ್ಮನಿರಲಿಲ್ಲ. ಒಳಬಚ್ಚಲಿನ ಬಾಗಿಲು ಅರ್ಧ ತೆರೆದಿತ್ತು. ಸ್ವಿಚ್ ಒತ್ತಿದೆ, ಬೆಳಕು ಬರಲಿಲ್ಲ. ಯಾಕೆ ಬರಲಿಲ್ಲ ಎಂಬುದು ನೆನಪಿಗೆ ಬಂದ ಆ ಕ್ಷಣವನ್ನು ಹೇಗೆ ಬರೆಯಬೇಕೋ ನನಗೆ ಗೊತ್ತಿಲ್ಲ. ಕತ್ತಲಿನೊಳಗಿಂದ ಅಮ್ಮ ಮೆಲ್ಲಗೆ ಕೇಳಿದಳು: "ಯಾರು, ರುವೈದಾನಾ? ಹೋದ್ರಾ ಅವರು?"

ಇನ್ನೂ ಇಲ್ಲ ಎಂದೆ. ಮೊಣಕಾಲೂರಿ ತಡವಿದೆ. ಒಂದು ಕಾಲು ಇರಬಾರದ ಹಾಗೆ ತಿರುಗಿಕೊಂಡಿತ್ತು. ಅಲ್ಲಿಯವರೆಗೂ ಬಾಯಲ್ಲಿ ಟವೆಲಿನ ತುದಿ ಕಚ್ಚಿಕೊಂಡಿದ್ದಳು, ಮಾತಾಡಲು ಅದನ್ನು ತೆಗೆದಿದ್ದಳು. "ಯಮ್ಮಾ, ದೊಡ್ಡಪ್ಪನ್ನ ಕರೀತೀನಿ" ಎಂದೆ. ನನ್ನ ಮಣಿಕಟ್ಟು ಹಿಡಿದುಕೊಂಡಳು. ಅಷ್ಟು ನೋವಿನಲ್ಲಿ ಆ ಹಿಡಿತ ಎಲ್ಲಿಂದ ಬಂತೋ. "ಬಾಯಿ ಮುಚ್ಚು. ಇಷ್ಟೊತ್ತು ತಡ್ಕೊಂಡಿದೀನಿ, ಇನ್ನೊಂಚೂರು ತಡೀತೀನಿ. ಹೊಸ ನೆಂಟರು. ಬಚ್ಚಲಲ್ಲಿ ಬಿದ್ದಿರೋ ಮುದುಕೀನ ಎತ್ತೋಕೆ ಬೀಗರ ಗಂಡಸರು ಬರಬೇಕಾ? ಮಗಳ ಶುಭಕಾರ್ಯದ ದಿನ? ಬಾಗಿಲು ಎಳ್ಕೊಂಡು ಹೋಗು. ಕುನಾಫಾ ಆರಿಹೋಗುತ್ತೆ."

ನಾನು ಅವಳ ಮೇಲೆ ಒಂದು ಕಂಬಳಿ ಹೊದಿಸಿದೆ. ಬಾಗಿಲು ಎಳೆದುಕೊಂಡೆ. ಕೈ ತೊಳೆದು ಕುನಾಫಾ ಬಡಿಸಿದೆ.

ಇದು ಎರಡನೆಯದು. ನಿನಗೆ ನೆನಪಿರಬಹುದು, ಸುಫ್ಯಾನನ ತಾಯಿ ಸಾಕು ಸಾಕು ಅಂದರೂ ನಾನು ಎರಡನೆಯ ತುಂಡು ಬಲವಂತ ಮಾಡಿ ಹಾಕಿದೆ. ಇದೇನು ಅತಿ ಉಪಚಾರ ಎಂದು ನೀನು ಕಣ್ಣಲ್ಲೇ ಕೇಳಿದೆ, ಖುಷಿಗೆ ಎಂದು ನಾನು ಕಣ್ಣಲ್ಲೇ ಹೇಳಿದೆ. ದೂರದ ದಾರಿಯೆಂದು ಊಟಕ್ಕೆ ನಿಲ್ಲದ ಅವರನ್ನು ಕಾರಿನವರೆಗೂ ಹೋಗಿ ಬೀಳ್ಕೊಟ್ಟೆ, ಹೆಂಗಸರಲ್ಲಿ ಒಬ್ಬೊಬ್ಬರ ಕೆನ್ನೆಗೂ ಮೂರು ಮೂರು ಮುತ್ತಿಟ್ಟೆ. ಹೊಸ ನೆಂಟರು ಎದ್ದು ನಿಂತು, ಕೂತು, ಬಾಗಿಲಲ್ಲಿ ನಿಂತು, ಮೆಟ್ಟಿಲಲ್ಲಿ ನಿಂತು ಹೊರಡುತ್ತಾರಲ್ಲ, ಅದೆಲ್ಲ ಮುಗಿಯಲು ಇಪ್ಪತ್ತೈದು ನಿಮಿಷ ಹಿಡಿಯಿತು. ಒಟ್ಟು ಒಂದೂಕಾಲು ಗಂಟೆಗೂ ಮೇಲೆ ಅಮ್ಮ ಆ ತಣ್ಣನೆಯ ನೆಲದ ಮೇಲಿದ್ದಳು. ನಾನು ಅವಳನ್ನು ಕಂಡದ್ದು ನೆಂಟರು ಹೋದ ಮೇಲೆ ಎಂದು ನಿಮಗೆಲ್ಲ ಹೇಳಿದ್ದು ಸುಳ್ಳು.

ಸುಳ್ಳು ಅಲ್ಲಿಗೇ ನಿಲ್ಲಲಿಲ್ಲ. ಕಾರುಗಳು ತಿರುವು ದಾಟಿದ ಮೇಲೆ ನಾನು ಮೊದಲು ಓಡಿದ್ದು ಅಮ್ಮನ ಹತ್ತಿರ ಅಲ್ಲ, ನೆಂಟರ ಬಚ್ಚಲಿಗೆ. ಬಲಗಡೆಯ ಬಲ್ಬು ತಿರುಗಿಸಿ ತೆಗೆದೆ. ಬಿಸಿ ಬೆರಳಿಗೆ ಹತ್ತಿತು. ಆಗ ಕಣ್ಣಿಗೆ ಬಿತ್ತು: ಸೋಪು ಒಣಗಿಯೇ ಇತ್ತು. ಟವೆಲಿನ ಮಡಿಕೆ ಬಿಚ್ಚಿರಲಿಲ್ಲ. ತೊಟ್ಟಿಯಲ್ಲಿ ಒಂದು ಹನಿ ನೀರಿರಲಿಲ್ಲ. ಇಡೀ ಮಧ್ಯಾಹ್ನ ಒಬ್ಬರೂ ಅದರೊಳಗೆ ಕಾಲಿಟ್ಟಿರಲಿಲ್ಲ ತಹಾನಿ. ಮೊದಲ ಸಲ ಹೆಣ್ಣು ಕೇಳಲು ಬಂದವರು ಬಚ್ಚಲು ಎಲ್ಲಿ ಎಂದು ಕೇಳುತ್ತಾರೆಯೇ? ನಾವಾದರೂ ಬೇರೆಯವರ ಮನೆಯಲ್ಲಿ ಕೇಳುತ್ತೇವೆಯೇ? ಮೂರು ವಾರ ಬಣ್ಣದ ಪಟ್ಟಿ ಹಿಡಿದು ಕೂತಿದ್ದಾಗ ಇದು ನಮ್ಮ ಮೂವರಲ್ಲಿ ಒಬ್ಬರ ತಲೆಗೂ ಹೊಳೆಯಲಿಲ್ಲ.

ಆ ಬಲ್ಬನ್ನು ಒಳಬಚ್ಚಲಿಗೆ ಹಾಕಿ, ಸ್ವಿಚ್ ಒತ್ತಿ, ಡಬ್ಬಗಳನ್ನು ಪಕ್ಕಕ್ಕೆ ಸರಿಸಿ, ಆಮೇಲೆ ದೊಡ್ಡಪ್ಪನನ್ನು ಕೂಗಿದೆ. ಅಮ್ಮ ಕೆಳಗಿನಿಂದ ನಾನು ಮಾಡುತ್ತಿರುವುದನ್ನೆಲ್ಲ ನೋಡುತ್ತಿದ್ದಳು. ನೀನು ಓಡಿ ಬಂದಾಗ ಅಲ್ಲಿ ದೀಪ ಚೆನ್ನಾಗಿ ಉರಿಯುತ್ತಿತ್ತು. ಅಷ್ಟು ಬೆಳಕಿನಲ್ಲಿ ಬಿದ್ದಳಲ್ಲ, ಅವಸರದಲ್ಲಿ ಕಾಲು ಜಾರಿರಬೇಕು, ಅವಸರ ಮಾಡಿದ್ದು ನಾನೇ ಎಂದು ನೀನು ಅಲ್ಲಿಂದಲೇ ತಿಳಿದುಕೊಂಡೆ. ನಿನ್ನನ್ನು ಹಾಗೆ ತಿಳಿದುಕೊಳ್ಳುವಂತೆ ಮಾಡಿದ್ದು ನಾನು.

ಆಸ್ಪತ್ರೆಯಲ್ಲಿದ್ದ ಹತ್ತೊಂಬತ್ತು ದಿನಗಳಲ್ಲಿ ಒಂದು ಮಧ್ಯಾಹ್ನ, ನೀನು ಔಷಧಿ ತರಲು ಕೆಳಗೆ ಹೋಗಿದ್ದಾಗ, ನಾನು ಅವಳ ಹಾಸಿಗೆಯ ಅಂಚಿಗೆ ತಲೆಯಿಟ್ಟು ಅತ್ತೆ. ಬಲ್ಬು ತೆಗೆದದ್ದು ನಾನು ಎಂದೆ. "ಗೊತ್ತು ಕಣೇ" ಎಂದಳು. "ಸ್ವಿಚ್ ಹಾಕಿದಾಗಲೇ ಗೊತ್ತಾಯ್ತು. ಹೊಸ ಬಲ್ಬು ನಾಲ್ಕು ದಿನಕ್ಕೆ ಹೋಗುತ್ತಾ? ನೀನೇ ಆಚೆ ಹಾಕಿರ್ತೀಯ ಅಂದ್ಕೊಂಡೆ." ಮತ್ತೆ ಸ್ವಲ್ಪ ಹೊತ್ತು ಉಸಿರು ಸರಿ ಮಾಡಿಕೊಂಡು, "ಯಾರಿಗೂ ಹೇಳಬೇಡ. ಕೆರಕ್‌ನವರ ಕಿವಿಗೆ ಬಿದ್ರೆ, ಈ ಮನೇಲಿ ಇನ್ನೊಂದು ಬಲ್ಬಿಗೂ ಗತಿ ಇರಲಿಲ್ವಾ ಅಂತ ಆಡ್ಕೋತಾರೆ. ಹುಡುಗಿ ಅಲ್ಲಿ ಬಾಳಬೇಕು" ಎಂದಳು. ಅಷ್ಟೂ ಹೊತ್ತು ಕತ್ತಲಲ್ಲಿ ಏನು ಮಾಡುತ್ತಿದ್ದೆ ಯಮ್ಮಾ ಎಂದು ಕೇಳಿದೆ. ದೊಡ್ಡಪ್ಪ ಕಾಫಿ ಕುಡೀರಿ ಅನ್ನುವುದನ್ನೇ ಕಾಯುತ್ತಿದ್ದಳಂತೆ. ಅದಾದ ಮೇಲೆ ಮೆಲ್ಲಗೆ ನನ್ನನ್ನು ಕರೆಯೋಣ ಎಂದುಕೊಂಡಳಂತೆ. ಅದಾದ ಮೇಲೆ ಹೆಂಗಸರ ಕೇಕೆ ಶುರುವಾಯಿತು. ಅವಳು ನಿಜವಾಗಿ ನನ್ನ ಹೆಸರು ಕೂಗಿದಳಂತೆ, ಎರಡು ಸಲ. ಆ ಗದ್ದಲದಲ್ಲಿ ನಾನೂ ಕೇಕೆ ಹಾಕುತ್ತಿದ್ದೆ.

ಶ್ವಾಸಕೋಶಕ್ಕೆ ಕಫ ಕಟ್ಟಿ ಅವಳು ಹೋದದ್ದು ನಿನಗೆ ಗೊತ್ತೇ ಇದೆ. ಮಾತನಾಡಿಸಲು ಬಂದವರು ಮೂರು ದಿನ ನೆಂಟರ ಬಚ್ಚಲನ್ನು ಧಾರಾಳವಾಗಿ ಬಳಸಿದರು. ಸಾವಿನ ಮನೆಯಲ್ಲಿ ಸಂಕೋಚ ಇರುವುದಿಲ್ಲವಲ್ಲ. ಕೆಳಬೀದಿಯ ಒಬ್ಬಾಕೆ ಅತ್ತ ಕಣ್ಣು ತೊಳೆದುಕೊಂಡು ಬಂದು, ನನ್ನ ಕಿವಿಯ ಹತ್ತಿರ ಬಾಗಿ, "ಗೋಡೆಗೆ ಹಾಕಿಸಿದೀರಲ್ಲ, ಆ ಬಣ್ಣದ ನಂಬರ್ ಏನು?" ಎಂದು ಕೇಳಿದಳು. ನಾನು ನಂಬರ್ ಹೇಳಿದೆ. ನನಗದು ಬಾಯಿಪಾಠವಾಗಿತ್ತು.

ಅಮ್ಮನ ಮಾತಿಗೆ ಕಟ್ಟುಬಿದ್ದು ಸುಮ್ಮನಿದ್ದೆ ಎಂದು ನಿನ್ನ ಮುಂದೆ ಒಳ್ಳೆಯವಳಾಗಲು ನೋಡುವುದಿಲ್ಲ. ಅವಳ ಮಾತು ನನಗೆ ಅನುಕೂಲವಾಗಿತ್ತು. ಅಮ್ಮ ಬೇಡ ಅಂದಿದ್ದಾಳೆ ಎಂದು ಹೇಳಿಕೊಂಡು ಬೆಳಿಗ್ಗೆ ಅಂಗಡಿ ತೆಗೆಯುತ್ತಿದ್ದೆ, ಸಂಜೆ ಮುಚ್ಚುತ್ತಿದ್ದೆ. ಅಮ್ಮ ಕಾಪಾಡಲು ನೋಡಿದ್ದು ನಿನ್ನ ಮದುವೆಯನ್ನು. ನಾನು ಬಾಯಿ ಮುಚ್ಚಿದ್ದರಿಂದಲೇ ಆ ಮದುವೆ ಮುರಿದಿದೆ ಎಂದು ಮಂಗಳವಾರ ಗೊತ್ತಾದ ಮೇಲೆ ನನಗೆ ಕೂರಲು ಆಗಲಿಲ್ಲ. ದೊಡ್ಡಪ್ಪನ ಹತ್ತಿರ ಹೋದೆ. ಎಲ್ಲ ಕೇಳಿ, ಜಪಮಣಿ ಎರಡು ಸುತ್ತು ತಿರುಗಿಸಿ, "ಆದದ್ದು ಆಯ್ತು, ಮಣ್ಣು ಮುಚ್ಚಿದೀವಿ, ಇದನ್ನೂ ಮುಚ್ಚು" ಎಂದರು. ಗುರುವಾರ ಬಸ್ಸು ಹತ್ತಿ ಕೆರಕ್‌ಗೆ ಹೋದೆ.

ಸುಫ್ಯಾನನ ತಾಯಿ ಒಬ್ಬರೇ ಇದ್ದರು, ಬಾಗಿಲಲ್ಲಿ ಕೂತು ಆಲಿವ್ ಕಾಯಿ ಜಜ್ಜುತ್ತಿದ್ದರು. ಪಕ್ಕದಲ್ಲಿ ಕೂತು ನಿನಗೆ ಈಗ ಹೇಳಿದ್ದನ್ನೆಲ್ಲ ಅವರಿಗೆ ಹೇಳಿದೆ. ಕನ್ನಡಿ, ಬಲ್ಬು, ಕಂಬಳಿ, ಎರಡನೆಯ ತುಂಡು ಕುನಾಫಾ, ಒಂದನ್ನೂ ಬಿಡಲಿಲ್ಲ. ಜಜ್ಜುವ ಕಲ್ಲು ಕೆಳಗಿಟ್ಟರು. ಎದ್ದು ಹೋಗು ಅನ್ನುತ್ತಾರೆ ಎಂದುಕೊಂಡೆ. ಅವರು ಹೇಳಿದ್ದು ಇದು: "ಆವತ್ತು ನನಗೆ ಬಚ್ಚಲಿಗೆ ಹೋಗಲೇಬೇಕಿತ್ತು ಕಣಮ್ಮ. ಸಕ್ಕರೆ ಕಾಯಿಲೆಯವಳು ನಾನು. ನಿಮ್ಮಂಥವರ ಮನೇಲಿ, ಮೊದಲನೇ ಸಲ, ಹೇಗೆ ಕೇಳಲಿ? ತಡ್ಕೊಂಡೆ. ಕೆರಕ್‌ವರೆಗೂ ತಡ್ಕೊಂಡೆ. ದಾರಿಯುದ್ದಕ್ಕೂ ಅತ್ತೆ, ಗಂಡಸರು ಖುಷಿಗೆ ಅಳ್ತಿದಾಳೆ ಅಂದ್ಕೊಂಡ್ರು." ಜಜ್ಜಿದ ಕಾಯಿಗಳನ್ನು ಬದಿಗೆ ಸರಿಸಿ ಮತ್ತೆ ಹೇಳಿದರು. "ನನ್ನ ಅಳಿಯ ನಿಮ್ಮ ಬಾಗಿಲ ಪಕ್ಕದಲ್ಲೇ ಕೂತಿದ್ದ. ಆಂಬುಲೆನ್ಸ್ ಓಡಿಸೋನು ಅವನು, ಮೂಳೆ ಮುರಿದವರನ್ನ ಹೇಗೆ ಎತ್ತಬೇಕು ಅಂತ ಅವನಿಗೆ ಗೊತ್ತು. ಒಂದು ಸಲ ಅಮ್ಮಾ ಅಂತ ಕೂಗಿದ್ರೆ ಸಾಕಿತ್ತಲ್ಲ ಮಹಾರಾಯ್ತಿ." ಆಮೇಲೆ ನಾವಿಬ್ಬರೂ ಅತ್ತೆವು. ಅವರು ಒಳಗೆ ಹೋಗಿ ಮುಖ ತೊಳೆದುಕೊಂಡು ಬಂದರು, ನನಗೂ ತೊಳೆದುಕೋ ಎಂದು ತಮ್ಮದೇ ಒದ್ದೆ ಟವೆಲು ಕೊಟ್ಟರು.

ಅವರು ಆಡಿಕೊಳ್ಳಲಿಲ್ಲ ತಹಾನಿ. ಅಮ್ಮ ಯಾವ ಮಾತಿಗೆ ಹೆದರಿ ಟವೆಲು ಕಚ್ಚಿಕೊಂಡಿದ್ದಳೋ ಆ ಮಾತು ಅವರ ಬಾಯಿಂದ ಬರಲೇ ಇಲ್ಲ. ಸುಫ್ಯಾನ ಸಂಜೆ ಬಂದಾಗ ಅವನಿಗೂ ನಾನೇ ಹೇಳಿದೆ. ತಲೆ ತಗ್ಗಿಸಿ ಕೇಳಿಸಿಕೊಂಡ. ನಿನ್ನನ್ನು ಒತ್ತಾಯ ಮಾಡಬಾರದು ಎಂದಷ್ಟೇ ಹೇಳಿ ನನ್ನನ್ನು ಬಸ್ಸಿಗೆ ಹತ್ತಿಸಿದ. ನೀನು ಅವನನ್ನು ಮದುವೆಯಾಗಬೇಕೆಂದು ನಾನೂ ಹೇಳುತ್ತಿಲ್ಲ. ಬೇಡವಾಗಿದ್ದರೆ ಬೇಡ, ಅವನ ಮೂಗು ಸರಿಯಿಲ್ಲ ಎಂದು ಬಿಡು, ಅವನ ಊರು ದೂರ ಎಂದು ಬಿಡು. ಕೈ ತೊಳೆದುಕೋ ಎಂದದ್ದಕ್ಕೆ ಶಿಕ್ಷೆ ಎಂದು ಮಾತ್ರ ಬಿಡಬೇಡ. ಆ ಶಿಕ್ಷೆ ನನ್ನ ಹೆಸರಿನದು. ಎಂಟು ತಿಂಗಳು ನೀನು ಅನುಭವಿಸಿದೆ, ನಾನು ನೋಡಿಕೊಂಡು ಸುಮ್ಮನಿದ್ದೆ.

ಈ ಪತ್ರ ಅಂಚೆಗೆ ಹಾಕಿದ ಮೇಲೆ ಏನಾಗುತ್ತದೆ ಎಂದು ಯೋಚಿಸಿದ್ದೇನೆ. ನೀನು ನನ್ನ ಹೆಸರು ಎತ್ತದಿರಬಹುದು. ಮದುವೆಯಾದರೆ ಕರೆಯದಿರಬಹುದು, ನಿನ್ನ ಮಕ್ಕಳಿಗೆ ಒಬ್ಬ ದೊಡ್ಡಮ್ಮ ಇದ್ದಾಳೆಂದು ಹೇಳದಿರಬಹುದು. ನನಗೆ ಈ ಭೂಮಿಯ ಮೇಲೆ ಇರುವವಳು ನೀನೊಬ್ಬಳೇ, ಅದಕ್ಕೇ ಇಷ್ಟು ದಿನ ಹೇಳಲು ಧೈರ್ಯ ಬರಲಿಲ್ಲ. ಭಯ ಈಗಲೂ ಹೋಗಿಲ್ಲ. ಆದರೆ ನೀನು ನನ್ನ ಪಾಪ ಹೊತ್ತು ನನ್ನ ತಂಗಿಯಾಗಿರುವುದಕ್ಕಿಂತ, ಹಗುರಾಗಿ ನನಗೆ ಏನೂ ಅಲ್ಲದವಳಾಗಿ ಎಲ್ಲೋ ಚೆನ್ನಾಗಿರು. ಇಷ್ಟು ಮಾತು ನಾನು ಆಸ್ಪತ್ರೆಯಲ್ಲಿ ಅಮ್ಮನ ಕೈ ಹಿಡಿದುಕೊಂಡಿದ್ದಾಗಲೇ ನಿನಗೆ ಹೇಳಬೇಕಿತ್ತು.

ದೇವರು ನಿನಗೆ ಮನೆ ಕೊಡಲಿ. ಅದರ ಗೋಡೆಗೆ ಯಾವ ಬಣ್ಣವಾದರೂ ಇರಲಿ, ನನ್ನದೇನೂ ಸಲಹೆಯಿಲ್ಲ. ಆ ಮನೆಯಲ್ಲಿ ನೋವಾದಾಗ, ನಡುಮನೆಯಲ್ಲಿ ಎಂಥ ದೊಡ್ಡವರೇ ಕೂತಿರಲಿ, ಗಂಟಲು ಹರಿಯುವಂತೆ ಕೂಗಿಕೊಳ್ಳುವ ಧೈರ್ಯವನ್ನು ನಿನಗೆ ಕೊಡಲಿ. ಕೂಗಿದರೆ ಕೈಯಲ್ಲಿರುವುದನ್ನು ಅಲ್ಲೇ ಬಿಟ್ಟು ಓಡಿಬರುವವರನ್ನು ಕೊಡಲಿ.

ಓಡಿಬಾರದ,
ನಿನ್ನ ಅಕ್ಕ
ರುವೈದಾ